ಟಿವಿಯೊಳಗಿನ ಹಕ್ಕಿ: ಮೊದಲು ಮೈಕು, ಆಮೇಲೆ ಹೆಸರು

(ಹಕ್ಕಿ ನೋಡುವವರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸ ಇದು. ಅಲ್ಲಿ ಸ್ಪೀಕರಿನಲ್ಲಿ ಕೇಳಿಸಿದ ತುಣುಕುಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2000ನೇ ಇಸವಿಯ ಆಗಸ್ಟ್. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಗಾಲ್ಫ್ ಪ್ರಸಾರ ನಡೆಯುತ್ತಿದೆ. ಆಟಗಾರ ಚೆಂಡಿನ ಮುಂದೆ ಬಗ್ಗಿ ನಿಂತಿದ್ದಾನೆ. ಕಾಮೆಂಟರಿ ಹೇಳುವವರು ಪಿಸುಮಾತಿಗೆ ಇಳಿದಿದ್ದಾರೆ. ಹಿಂದೆ ಎಲ್ಲೋ ಒಂದು ಹಕ್ಕಿ ಹಾಡುತ್ತಿದೆ. ನೋಡುತ್ತಿದ್ದ ಹೆಚ್ಚಿನವರಿಗೆ ಅದು ಸುಮ್ನೆ ಒಂದು ಹಕ್ಕಿ. ಆದರೆ ಹಕ್ಕಿಯ ಹುಚ್ಚು ಹತ್ತಿದ ಕೆಲವರು ಕಿವಿ ನಿಮಿರಿಸಿ ಕೂತರು. ಮಿಷಿಗನ್ ರಾಜ್ಯದಲ್ಲಿ ನಡೆದ ಬ್ಯೂಯಿಕ್ ಓಪನ್ ಪಂದ್ಯದಲ್ಲಿ ಅವರಿಗೆ ಕೇಳಿಸಿದ್ದು ಕ್ಯಾನ್ಯನ್ ರೆನ್. ಅದು ಆ ದೇಶದ ಪಶ್ಚಿಮ ಭಾಗದ ಕಲ್ಲು ಕಣಿವೆಗಳ ಹಕ್ಕಿ. ಮಿಷಿಗನ್‌ನ ಹುಲ್ಲು ಹಾಸಿನ ಮೇಲೆ ಅದಕ್ಕೇನು ಕೆಲಸ? ಅದೇ ತಿಂಗಳು ಕೆಂಟಕಿಯ ವಾಲ್‌ಹಲ್ಲಾ ಮೈದಾನದಲ್ಲಿ ಪಿಜಿಎ ಚಾಂಪಿಯನ್‌ಶಿಪ್ ನಡೆಯಿತು. ಅಲ್ಲಿ ವೈಟ್-ಥ್ರೋಟೆಡ್ ಸ್ಪ್ಯಾರೋ ಹಾಡಿತು. ಈ ಹಕ್ಕಿ ಕೆಂಟಕಿಗೆ ಬರುವುದು ಚಳಿಗಾಲಕ್ಕೆ. ಆಗಸ್ಟ್‌ನಲ್ಲಿ ಅದು ಇರಬೇಕಾದದ್ದು ಉತ್ತರದ ಕಾಡುಗಳಲ್ಲಿ, ಕೆನಡಾದ ಕಡೆ.

ಮಾತು ಪತ್ರಿಕೆಗಳವರೆಗೆ ಹೋಯಿತು. ರೆಕಾರ್ಡ್ ಮಾಡಿಟ್ಟ ಹಕ್ಕಿ ದನಿಯನ್ನು ಪ್ರಸಾರಕ್ಕೆ ಸೇರಿಸುತ್ತಿದ್ದದ್ದು ನಿಜ ಎಂದು ವಾಹಿನಿ ಒಪ್ಪಿಕೊಂಡಿತು.

ಯಾಕೆ ಸೇರಿಸಿದರು ಅನ್ನುವುದಕ್ಕೆ ನನ್ನದೊಂದು ಊಹೆ ಇದೆ. ಆಗಸ್ಟ್ ಹೊತ್ತಿಗೆ ಆ ಭಾಗದ ಬಹುತೇಕ ಹಕ್ಕಿಗಳು ಹಾಡು ನಿಲ್ಲಿಸಿರುತ್ತವೆ. ಮರಿ ಮಾಡಿ ಮುಗಿದಿರುತ್ತದೆ, ಗರಿ ಉದುರುವ ಕಾಲ. ಗಂಡುಹಕ್ಕಿಗೆ ಹಾಡಿ ಜಾಗ ಕಾಯುವ, ಜೊತೆ ಹುಡುಕುವ ಅಗತ್ಯ ಇರುವುದಿಲ್ಲ. ಅಂದರೆ ಮೈದಾನ ನಿಜಕ್ಕೂ ಸುಮ್ಮನಿತ್ತು. ಟಿವಿಗೆ ಮೌನ ಹಿಡಿಸುವುದಿಲ್ಲ ಅಲ್ವಾ.

ಈ ಘಟನೆಯನ್ನು ಹೇಳುವಾಗ ಎಲ್ಲರೂ ಆ ಕಿವಿಗಳನ್ನು ಹೊಗಳುತ್ತಾರೆ. ಹೊಗಳಬೇಕಾದದ್ದೇ. ಆದರೆ ಅವರು ಮಾಡಿದ್ದು ಬರೀ ಹಕ್ಕಿ ಗುರುತಿಸುವ ಕೆಲಸವಲ್ಲ. ಕಾಡಿನಲ್ಲಿ ನಿಂತಾಗ ನಾವು ಕೇಳುವ ಪ್ರಶ್ನೆ 'ಇದು ಯಾವ ಹಕ್ಕಿ?' ಅಂತ. ಟಿವಿ ಮುಂದೆ ಕೂತಾಗ ಅದಕ್ಕೂ ಮೊದಲು ಬೇರೊಂದು ಪ್ರಶ್ನೆ ಬರುತ್ತದೆ: 'ಈ ದನಿ ಇಲ್ಲಿಗೆ ಹೇಗೆ ಬಂತು?' ಹಕ್ಕಿಯ ಗಂಟಲಿಗೂ ನಿಮ್ಮ ಕಿವಿಗೂ ನಡುವೆ ಒಂದು ಮೈಕು, ಒಬ್ಬ ಸೌಂಡ್ ಎಂಜಿನಿಯರ್, ಒಂದಷ್ಟು ಯಂತ್ರ, ಕೆಲವೊಮ್ಮೆ ಒಬ್ಬ ಎಡಿಟರ್ ಇದ್ದಾರೆ. ಇವರ ಕೆಲಸ ಗೊತ್ತಿಲ್ಲದೆ ಹಕ್ಕಿಯ ಹೆಸರು ಹೇಳಿದರೆ ಅರ್ಧ ಉತ್ತರ ಹೇಳಿದ ಹಾಗೆ. ಅದಕ್ಕೇ ಇವತ್ತು ಹಕ್ಕಿಗಿಂತ ಜಾಸ್ತಿ ಮೈಕಿನ ಬಗ್ಗೆ ಮಾತಾಡುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಅದಕ್ಕೂ ಮೊದಲು ಒಂದು ಸಣ್ಣ ವಿಷಯ. ಟಿವಿಯಲ್ಲಿ ಹಕ್ಕಿ ಕೂಗಿತು ಅನಿಸಿದ ಕೂಡಲೇ ರಿಮೋಟ್ ತೆಗೆದು ಕಾರ್ಯಕ್ರಮವನ್ನು ಒಂದು ಕ್ಷಣ ನಿಲ್ಲಿಸಿ. ಇನ್ನೂ ಕೂಗುತ್ತಿದ್ದರೆ ಹಕ್ಕಿ ನಿಮ್ಮ ಕಿಟಕಿಯ ಹೊರಗಿದೆ. ನಗಬೇಡಿ, ಈ ಪರೀಕ್ಷೆ ತುಂಬಾ ವಾದಗಳನ್ನು ಉಳಿಸುತ್ತದೆ.

ಈಗ ಮೈಕಿಗೆ ಬರೋಣ. ಹೊರಾಂಗಣದ ಸಂದರ್ಶನದಲ್ಲಿ ಮಾತಾಡುವವರ ಕಾಲರಿಗೆ ಒಂದು ಪುಟ್ಟ ಮೈಕ್ ಸಿಕ್ಕಿಸಿರುತ್ತಾರೆ. ಇಲ್ಲವೇ ತಲೆಯ ಮೇಲಿಂದ ಉದ್ದ ಕೋಲಿನ ತುದಿಯಲ್ಲಿ ಶಾಟ್‌ಗನ್ ಮೈಕ್ ಹಿಡಿದಿರುತ್ತಾರೆ. ಕಾಲರ್ ಮೈಕ್ ಬಾಯಿಗೆ ಹತ್ತಿರ ಇರುವುದರಿಂದ ಮಾತು ಜೋರು, ಹಕ್ಕಿ ಕ್ಷೀಣ. ಶಾಟ್‌ಗನ್ ಮೈಕ್ ತಾನು ಮುಖ ಮಾಡಿದ ದಿಕ್ಕಿನ ಸದ್ದನ್ನು ಹೆಚ್ಚು ಹಿಡಿಯುತ್ತದೆ. ಕೆಳಗಿನಿಂದ ಮೇಲಕ್ಕೆ ಹಿಡಿದರಂತೂ ಮಾತಾಡುವವರ ತಲೆಯ ಹಿಂದಿನ ಮರವೂ ಅದರ ದಾರಿಯಲ್ಲೇ ಸಿಗುತ್ತದೆ. ಎಷ್ಟೋ ಸಲ ಟಿವಿಯಲ್ಲಿ ಹಕ್ಕಿ ಸ್ಪಷ್ಟವಾಗಿ ಕೇಳುವುದಕ್ಕೆ ಇಷ್ಟೇ ಕಾರಣ.

ಇದರ ಮೇಲೆ ಕಂಪ್ರೆಸರ್ ಕೂತಿರುತ್ತದೆ. ಜೋರು ಸದ್ದನ್ನು ತಗ್ಗಿಸಿ, ಮೆಲು ಸದ್ದನ್ನು ಏರಿಸಿ ಎರಡನ್ನೂ ಒಂದು ಮಟ್ಟಕ್ಕೆ ತರುವುದು ಅದರ ಕೆಲಸ. ಹೀಗಾಗಿ ಮಾತಾಡುವವರು ಉಸಿರು ತೆಗೆದುಕೊಳ್ಳಲು ನಿಂತ ಕ್ಷಣ ಹಿನ್ನೆಲೆ ಮೇಲೆದ್ದು ಬರುತ್ತದೆ. ಹಕ್ಕಿ ಸರಿಯಾಗಿ ಮಾತಿನ ನಡುವಿನ ಬಿಡುವಿನಲ್ಲೇ ಕೂಗುತ್ತಿದೆ ಅನಿಸುತ್ತದೆ. ಹಾಗಲ್ಲ. ಅದು ಎಡೆಬಿಡದೆ ಕೂಗುತ್ತಲೇ ಇದೆ, ಯಂತ್ರ ನಮಗೆ ಬಿಡುವಿನಲ್ಲಿ ಮಾತ್ರ ಕೇಳಿಸುತ್ತಿದೆ. ಕ್ರೀಡಾ ಪ್ರಸಾರದಲ್ಲಿ ಇದರದ್ದೇ ಇನ್ನೊಂದು ರೂಪ ಇದೆ. ಕಾಮೆಂಟರಿ ಶುರುವಾದ ಕೂಡಲೇ ಮೈದಾನದ ಸದ್ದು ತಾನಾಗಿ ತಗ್ಗುತ್ತದೆ. ಆ ಕೆಲಸದವರು ಇದನ್ನು ಡಕಿಂಗ್ ಅನ್ನುತ್ತಾರೆ. ಆದ್ದರಿಂದ ಹಕ್ಕಿಗಾಗಿ ಕಿವಿ ಕೊಡಬೇಕಾದದ್ದು ಕಾಮೆಂಟರಿಯವರು ಬಾಯಿ ಮುಚ್ಚಿದಾಗ.

ಇನ್ನು ದನಿಯ ಎತ್ತರ, ಅಂದರೆ ಅದು ಎಷ್ಟು ಕೀಚಲು, ಎಷ್ಟು ತಗ್ಗು ಅನ್ನುವುದು. ಅದನ್ನು ಅಳೆಯುವುದು ಹರ್ಟ್ಸ್‌ನಲ್ಲಿ, ಸಾವಿರ ಹರ್ಟ್ಸ್ ಅಂದರೆ ಒಂದು ಕಿಲೋಹರ್ಟ್ಸ್. ಬಹುತೇಕ ಹಕ್ಕಿಗಳ ಹಾಡು 1ರಿಂದ 8 ಕಿಲೋಹರ್ಟ್ಸ್ ನಡುವೆ ಬರುತ್ತದೆ. ಟಿವಿಯ ಡಿಜಿಟಲ್ ಆಡಿಯೋ ಸಾಮಾನ್ಯವಾಗಿ ಸೆಕೆಂಡಿಗೆ 48,000 ಮಾದರಿ ತೆಗೆದುಕೊಳ್ಳುತ್ತದೆ. ಲೆಕ್ಕದ ಪ್ರಕಾರ 24 ಕಿಲೋಹರ್ಟ್ಸ್‌ವರೆಗೆ ಹಿಡಿಯಬಲ್ಲದು. ಮನೆಗೆ ಕಳಿಸುವಾಗ ಅದನ್ನು ಕುಗ್ಗಿಸುತ್ತಾರೆ, ಆಗ ತುದಿಯ ಒಂದಷ್ಟು ಉದುರಿಹೋಗುತ್ತದೆ. ಆದರೂ ಹೆಚ್ಚಿನ ಹಾಡುಗಳು ಪಾರಾಗುತ್ತವೆ. ಕಷ್ಟ ಬರುವುದು ತಗ್ಗು ದನಿಗೆ. ಗಾಳಿಯ ಗುಂಯ್ ಸದ್ದು ಬರದಿರಲೆಂದು ಎಂಜಿನಿಯರ್ ತಳದ ಸದ್ದನ್ನು ಕತ್ತರಿಸಿರುತ್ತಾರೆ. ಮೇಲಿಂದ ತೆಳ್ಳನೆಯ ಟಿವಿಯ ಸ್ಪೀಕರಿಗೆ ತಗ್ಗು ದನಿ ನುಡಿಸುವ ತಾಕತ್ತಿಲ್ಲ. ಕೆಂಬೂತದ 'ಊಪ್ ಊಪ್' ಆಗಲಿ, ಗೂಬೆಯ ಗುಮ್ಮೆನ್ನುವ ಕೂಗಾಗಲಿ ಸೊರಗಿ ಹೋಗುತ್ತದೆ. ಒಳ್ಳೆಯ ಹೆಡ್‌ಫೋನ್ ಹಾಕಿದರೆ ಅದೇ ಕಾರ್ಯಕ್ರಮದಲ್ಲಿ ಇನ್ನೂ ಒಂದೆರಡು ಹಕ್ಕಿ ಸಿಗುತ್ತವೆ.

ವರದಿಗಾರ ಹಳೇ ರೀತಿಯ ಫೋನ್ ಲೈನಿನಲ್ಲಿ ಮಾತಾಡುತ್ತಿದ್ದರೆ ಆಸೆ ಬಿಟ್ಟುಬಿಡಿ. ಆ ಲೈನು 3,400 ಹರ್ಟ್ಸ್‌ಗಿಂತ ಮೇಲಿನದನ್ನು ದಾಟಿಸುವುದಿಲ್ಲ. ವಿಡಿಯೋ ಕರೆಯಲ್ಲಿ ತೊಂದರೆ ಬೇರೆ. ಅದರೊಳಗಿನ ಸಾಫ್ಟ್‌ವೇರ್ ಮನುಷ್ಯನ ದನಿ ಬಿಟ್ಟು ಮಿಕ್ಕಿದ್ದೆಲ್ಲ ಗಲಾಟೆ ಅಂದುಕೊಂಡು ಅಳಿಸುತ್ತದೆ. ಹಕ್ಕಿಯ ಹಾಡಿನ ತಲೆ ಇರುತ್ತದೆ, ಬಾಲ ಇರುವುದಿಲ್ಲ. ಇಂಥ ತುಂಡುಗಳ ಮೇಲೆ ಪಣ ಕಟ್ಟಬಾರದು.

ಈಗ ಒಂದು ತುಣುಕು ಕೇಳಿಸುತ್ತೇನೆ. ಒಂದು ತೋಟದಲ್ಲಿ ಕೂತು ಕೊಟ್ಟ ಸಂದರ್ಶನ. ಮಾತನ್ನು ಬಿಟ್ಟುಬಿಡಿ, ಹಿಂದೆ ಕೇಳಿ. ಟುಕ್, ಟುಕ್, ಟುಕ್, ಟುಕ್. ಇದು ಕಂಚುಗಾರ ಹಕ್ಕಿ, ಇಂಗ್ಲಿಷಿನಲ್ಲಿ ಕಾಪರ್‌ಸ್ಮಿತ್ ಬಾರ್ಬೆಟ್ ಅನ್ನುವುದು. ನಿಮಿಷಕ್ಕೆ ನೂರಕ್ಕೂ ಜಾಸ್ತಿ ಸಲ, ಒಂದೇ ಸ್ವರ, ಒಂದೇ ತಾಳ. ದನಿ ಒಮ್ಮೆ ಹತ್ತಿರ, ಒಮ್ಮೆ ದೂರ ಅನಿಸುತ್ತಿದೆಯಲ್ಲ? ಅದು ಹಾರಿ ಹೋಗಿ ಬರುತ್ತಿಲ್ಲ. ಕೂತಲ್ಲೇ ತಲೆಯನ್ನು ಅತ್ತ ಇತ್ತ ತಿರುಗಿಸುತ್ತಾ ಕೂಗುವುದು ಅದರ ಅಭ್ಯಾಸ.

ಗುರುತಿಸಿದ್ದಾಯಿತು, ಸುಲಭದ ಹಕ್ಕಿ. ಈಗ ಮತ್ತೆ ಕೇಳಿ, ಈ ಸಲ ಬೆರಳಿನಿಂದ ಮೇಜಿನ ಮೇಲೆ ಅದರ ಜೊತೆ ತಾಳ ಹಾಕಿ. ಟುಕ್, ಟುಕ್, ಟುಕ್, ಟು-ಟುಕ್, ಟುಕ್. ನಿಮ್ಮ ಬೆರಳು ಒಂದು ಕಡೆ ತಪ್ಪಿತು. ತಪ್ಪಿದ್ದು ಬೆರಳಲ್ಲ. ಅಲ್ಲಿ ಸಂದರ್ಶನವನ್ನು ಕತ್ತರಿಸಿ ಅಂಟಿಸಿದ್ದಾರೆ. ಮಾತು ಸರಾಗವಾಗಿದೆ, ಅರ್ಥವೂ ಕೂಡಿಕೊಂಡಿದೆ, ಆ ಹೊತ್ತಿಗೆ ಚಿತ್ರದಲ್ಲಿ ಅವರ ಕೈ ತೋರಿಸಿ ಜೋಡಣೆಯನ್ನು ಮರೆಮಾಡಿದ್ದಾರೆ. ಆದರೆ ಹಕ್ಕಿಯ ತಾಳ ಮುರಿದಿದೆ. ನಡುವೆ ಎಷ್ಟು ಮಾತು ಹೋಯಿತೋ ಹೇಳಲಾಗದು. ಹೋಗಿದೆ ಅನ್ನುವುದು ಖಚಿತ.

ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಹಕ್ಕಿ ತಾನೇ ನಿಲ್ಲಿಸಿ ಮತ್ತೆ ಶುರು ಮಾಡಬಹುದು, ವೇಗ ಮೆಲ್ಲಗೆ ಬದಲಾಗಬಹುದು. ಆದರೆ ಎರಡು ಟುಕ್‌ಗಳು ಇದ್ದಕ್ಕಿದ್ದಂತೆ ಒಂದರ ಬೆನ್ನಿಗೆ ಒಂದು ಹತ್ತಿಕೊಂಡರೆ, ಅಥವಾ ಒಂದು ಟುಕ್ ನಡುವಿನಲ್ಲೇ ಮೊಟಕಾದರೆ ಅದು ಗಂಟಲಿನ ಕೆಲಸವಲ್ಲ, ಕತ್ತರಿಯ ಕೆಲಸ. ಸಂದರ್ಶನವನ್ನು ಕತ್ತರಿಸುವುದು ಅಪರಾಧವೇನಲ್ಲ, ಎಲ್ಲರೂ ಮಾಡುತ್ತಾರೆ. ನಾನು ಹೇಳುತ್ತಿರುವುದು ಇಷ್ಟು: ಹಿನ್ನೆಲೆಯ ಹಕ್ಕಿ ತನಗೆ ಗೊತ್ತಿಲ್ಲದೆಯೇ ಗಡಿಯಾರದ ಕೆಲಸ ಮಾಡುತ್ತಿರುತ್ತದೆ. ಒಳ್ಳೆಯ ಎಡಿಟರುಗಳಿಗೆ ಇದು ಗೊತ್ತು. ಅದಕ್ಕೇ ಚಿತ್ರೀಕರಣ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನಿರಿಸಿ ಆ ಜಾಗದ ಬರೀ ಸದ್ದನ್ನು ಸ್ವಲ್ಪ ಹೊತ್ತು ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಜೋಡಣೆಯ ಬಿರುಕಿಗೆ ಅದನ್ನು ಬಳಿಯುತ್ತಾರೆ.

ಇನ್ನು ಹಕ್ಕಿಯನ್ನು ಹೊರಗಿನಿಂದ ತಂದು ಸೇರಿಸುವ ವಿಚಾರ. ಧಾರಾವಾಹಿ, ಸಿನಿಮಾ ಮಾಡುವವರ ಬಳಿ ಸದ್ದುಗಳ ಭಂಡಾರ ಇರುತ್ತದೆ. ಬೆಳಗಾದರೆ ಒಂದು ಹಕ್ಕಿ, ಭಯವಾದರೆ ಒಂದು ಹಕ್ಕಿ, ಕಾಡು ಬಂದರೆ ಒಂದು ಹಕ್ಕಿ. ಹಳೆಯ ಹಾಲಿವುಡ್ ಸಿನಿಮಾಗಳಲ್ಲಿ ಆಫ್ರಿಕಾದ ಕಾಡು ತೋರಿಸಿದಾಗೆಲ್ಲ ಕುಕಬರಾ ನಗುತ್ತಿತ್ತು. ಅದು ಆಸ್ಟ್ರೇಲಿಯಾದ ಹಕ್ಕಿ. ಅಮೆರಿಕದ ಬಾಲ್ಡ್ ಈಗಲ್ ಎಂಬ ಹದ್ದು ಪರದೆಯ ಮೇಲೆ ರೆಕ್ಕೆ ಬಿಚ್ಚಿದಾಗ ಬರುವ ಆ ಕರ್ಕಶ 'ಕೀ...ರ್' ಕೂಗು ರೆಡ್-ಟೇಲ್ಡ್ ಹಾಕ್ ಎಂಬ ಗಿಡುಗದ್ದು. ನಿಜವಾದ ಬಾಲ್ಡ್ ಈಗಲ್ ಅಷ್ಟು ದೊಡ್ಡ ದೇಹ ಹೊತ್ತುಕೊಂಡು ಕೀಚಲು ದನಿಯಲ್ಲಿ ಚಿಲಿಪಿಲಿ ಅನ್ನುತ್ತದೆ. ಗಾಂಭೀರ್ಯ ಸಾಲದು ಅಂತ ಗಂಟಲು ಬದಲಾಯಿಸಿದರು. ಉತ್ತರ ಅಮೆರಿಕದ ಕೆರೆಗಳಲ್ಲಿ ಕೂಗುವ ಲೂನ್ ಹಕ್ಕಿ ಉಷ್ಣವಲಯದ ಕಾಡುಗಳಲ್ಲೂ ಕೂಗುತ್ತದೆ, ರಾತ್ರಿ ಅಂತ ತೋರಿಸಬೇಕಲ್ಲ. ಹಕ್ಕಿಯಲ್ಲದಿದ್ದರೂ ಒಂದು ಮಾತು ಸೇರಿಸುತ್ತೇನೆ. ಸಿನಿಮಾದ ಕಪ್ಪೆಗಳೆಲ್ಲ 'ರಿಬಿಟ್' ಅನ್ನುವುದು ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಒಂದು ಮರಗಪ್ಪೆಯ ದಯೆಯಿಂದ. ಅದು ಹಾಲಿವುಡ್‌ನ ಹಿತ್ತಲಲ್ಲೇ ಸಿಗುತ್ತಿತ್ತು, ಅಷ್ಟೇ.

2000ದಲ್ಲೇ ಬಂದ 'ಚಾರ್ಲೀಸ್ ಏಂಜಲ್ಸ್' ಸಿನಿಮಾದಲ್ಲಿ ನಮ್ಮ ವಿಷಯಕ್ಕೇ ಸೇರಿದ ಒಂದು ದೃಶ್ಯ ಇದೆ. ಹಿನ್ನೆಲೆಯಲ್ಲಿ ಕೇಳಿದ ಹಕ್ಕಿಯ ದನಿಯಿಂದ ಅಪಹರಣವಾದವರ ಜಾಗ ಪತ್ತೆ ಹಚ್ಚುತ್ತಾರೆ. ಇದು ಪಿಗ್ಮಿ ನಟ್‌ಹ್ಯಾಚ್, ಕ್ಯಾಲಿಫೋರ್ನಿಯಾದ ಕಾರ್ಮೆಲ್ ಊರಲ್ಲಿ ಮಾತ್ರ ಇರುತ್ತದೆ ಅಂತ. ಯೋಚನೆ ಚೆನ್ನಾಗಿದೆ. ಆದರೆ ಆ ಹಕ್ಕಿ ಉತ್ತರ ಅಮೆರಿಕದ ಪಶ್ಚಿಮ ಭಾಗದ ಪೈನ್ ಕಾಡುಗಳಲ್ಲಿ ಎಲ್ಲೆಲ್ಲೂ ಇದೆ. ಪರದೆಯ ಮೇಲೆ ತೋರಿಸಿದ್ದು ದಕ್ಷಿಣ ಅಮೆರಿಕದ ಟ್ರೂಪಿಯಲ್. ಕೇಳಿಸಿದ ದನಿ ಈ ಎರಡರದ್ದೂ ಅಲ್ಲ, ಮೂರನೆಯ ಹಕ್ಕಿಯದು.

ಸೇರಿಸಿದ ದನಿಯನ್ನು ಕಂಡುಹಿಡಿಯುವುದು ಹೇಗೆ? ತುಂಬಾ ಜನ ಹೇಳುವ ಉಪಾಯ ಒಂದಿದೆ. ಚಿತ್ರ ಬದಲಾದರೂ ಹಕ್ಕಿ ನಿಲ್ಲದೆ ಹಾಡಿದರೆ ಅದು ಸುಳ್ಳು ಹಕ್ಕಿ ಅಂತ. ಇದನ್ನು ಪೂರ್ತಿ ನಂಬಬೇಡಿ. ನೇರ ಪ್ರಸಾರದಲ್ಲಿ ಹತ್ತಾರು ಕ್ಯಾಮೆರಾ ಇರುತ್ತವೆ, ಮೈದಾನದ ಸದ್ದು ಮಾತ್ರ ಒಂದೇ ಹೊಳೆಯಾಗಿ ಹರಿಯುತ್ತಿರುತ್ತದೆ. ಚಿತ್ರ ಎಷ್ಟು ಸಲ ಜಿಗಿದರೂ ಹಕ್ಕಿ ಹಾಡುತ್ತಲೇ ಇರುವುದು ಅಲ್ಲಿ ಸಹಜ. ಧಾರಾವಾಹಿಯ ದೃಶ್ಯಗಳನ್ನು ಒಂದೊಂದಾಗಿ ಬೇರೆ ಬೇರೆ ಹೊತ್ತಿನಲ್ಲಿ ತೆಗೆದಿರುತ್ತಾರೆ. ಅಲ್ಲಿ ಹಾಡು ಮುರಿಯದೆ ಸಾಗಿದರೆ ಮಾತ್ರ ಆಮೇಲೆ ಹಾಸಿದ್ದು ಅಂತ ಹೇಳಬಹುದು.

ಇದಕ್ಕಿಂತ ಗಟ್ಟಿ ಸಾಕ್ಷಿ ಪುನರಾವರ್ತನೆ. ಜೀವಂತ ಹಕ್ಕಿ ಒಂದೇ ಹಾಡನ್ನು ಎರಡು ಸಲ ಹಾಡಿದರೂ ನಡುವಿನ ಬಿಡುವು ಕೂದಲೆಳೆಯಷ್ಟಾದರೂ ಬೇರೆಯಾಗುತ್ತದೆ. ಹಿಂದಿನ ಎಲೆಯ ಸದ್ದು, ದೂರದ ಗಾಡಿಯ ಸದ್ದಂತೂ ಮತ್ತೆ ಹಾಗೇ ಬರಲು ಸಾಧ್ಯವೇ ಇಲ್ಲ. ಭಂಡಾರದ ತುಣುಕನ್ನು ಸುತ್ತಿ ಸುತ್ತಿ ಹಾಕಿದಾಗ ಎಲ್ಲವೂ ಅಚ್ಚೊತ್ತಿದಂತೆ ಮರಳುತ್ತವೆ. ಕಿವಿಗೆ ಗೊತ್ತಾಗದಿದ್ದರೆ ಕಣ್ಣಿಗೆ ತೋರಿಸಿ. ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಸ್ಪೆಕ್ಟ್ರೋಗ್ರಾಂ ತೆರೆಯಿರಿ. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ದನಿಯ ಎತ್ತರ. ವೈಟ್-ಥ್ರೋಟೆಡ್ ಸ್ಪ್ಯಾರೋ ಹಾಡು ಅದರಲ್ಲಿ ಸ್ಕೇಲ್ ಇಟ್ಟು ಎಳೆದ ಅಡ್ಡಗೆರೆಗಳ ಹಾಗೆ ಕಾಣುತ್ತದೆ, ಅಷ್ಟು ಶುದ್ಧ ಸಿಳ್ಳೆ. ಕ್ಯಾನ್ಯನ್ ರೆನ್ ಹಾಡು ಮೇಲಿಂದ ಕೆಳಕ್ಕೆ ಒಂದೊಂದೇ ಮೆಟ್ಟಿಲು ಇಳಿಯುತ್ತದೆ, ಇಳಿದಷ್ಟೂ ನಿಧಾನವಾಗುತ್ತದೆ. ಗೆರೆಗಳ ಹಿಂದಿನ ಮಸುಕು ಬಣ್ಣವನ್ನೂ ನೋಡಿ. ಎರಡು ಕಡೆ ಅದೇ ಮಸುಕು, ಅದೇ ಚುಕ್ಕೆ ಇದ್ದರೆ ಕೇಸು ಮುಗಿಯಿತು.

ಹಿನ್ನೆಲೆ ಸದ್ದು ಎಷ್ಟು ಹೇಳಿಬಿಡಬಲ್ಲದು ಅನ್ನುವುದಕ್ಕೆ ರೇಡಿಯೋ ಕಾಲದ ಒಂದು ಘಟನೆ. 1924ರ ಮೇ ತಿಂಗಳಿನಲ್ಲಿ ಬಿಬಿಸಿ ಇಂಗ್ಲೆಂಡಿನ ಸರ್ರೆಯಲ್ಲಿ ಬಿಯಾಟ್ರಿಸ್ ಹ್ಯಾರಿಸನ್ ಎಂಬ ಚೆಲ್ಲೋ ವಾದಕಿಯ ತೋಟದಿಂದ ನೈಟಿಂಗೇಲ್ ಹಾಡನ್ನು ನೇರ ಪ್ರಸಾರ ಮಾಡಿತು. ಆಕೆ ಚೆಲ್ಲೋ ನುಡಿಸಿದರು, ಹಕ್ಕಿ ಹಾಡಿತು. ಜನ ಮುಗಿಬಿದ್ದು ಕೇಳಿದರು, ಮುಂದಿನ ವರ್ಷಗಳಲ್ಲೂ ಅಲ್ಲಿಂದ ಪ್ರಸಾರ ನಡೆಯಿತು. 1942ರ ಮೇ 19ರ ರಾತ್ರಿ ಮೈಕು ಎಂದಿನಂತೆ ಸಿದ್ಧವಾಗಿತ್ತು. ಹಕ್ಕಿ ಹಾಡುತ್ತಿರುವಾಗಲೇ ದೂರದಿಂದ ಒಂದು ಗುಂಗು ಏರುತ್ತಾ ಬಂತು. ಜರ್ಮನಿಯ ಮ್ಯಾನ್‌ಹೈಮ್ ಮೇಲೆ ದಾಳಿಗೆ ಹೊರಟ 197 ಬಾಂಬರ್ ವಿಮಾನಗಳು. ಇದು ಗಾಳಿಗೆ ಹೋದರೆ ಶತ್ರುವಿಗೆ ಮೊದಲೇ ಸುಳಿವು ಸಿಗುತ್ತದೆ ಅಂತ ಎಂಜಿನಿಯರ್‌ಗೆ ಹೊಳೆಯಿತು. ಪ್ರಸಾರ ಕಡಿದರು. ರೆಕಾರ್ಡಿಂಗ್ ಮಾತ್ರ ನಡೆಯುತ್ತಲೇ ಇತ್ತು, ಅದು ಇವತ್ತಿಗೂ ಉಳಿದಿದೆ. ಅದನ್ನು ಕೇಳಿ. ವಿಮಾನಗಳ ಮೊರೆತ ತುಂಬಿಕೊಂಡರೂ ಹಕ್ಕಿ ಹಾಡು ನಿಲ್ಲಿಸುವುದಿಲ್ಲ. ಅಲ್ಲಿ ಹಕ್ಕಿ ಮುಂದೆ, ಗುಟ್ಟು ಹಿನ್ನೆಲೆಯಲ್ಲಿ. ನಮ್ಮ ಆಟದ ತಿರುಗುಮುರುಗು.

ಮೈಕಿನ ಪಾಠ ಇಷ್ಟು ಸಾಕು. ಈಗ ಹಕ್ಕಿಗೆ ಬಂದರೆ, ಮೂರು ಸಂಗತಿ ಕೇಳಿಕೊಳ್ಳಿ. ಈ ಊರಲ್ಲಿ ಇದೆಯಾ, ಈ ತಿಂಗಳಲ್ಲಿ ಕೂಗುತ್ತದೆಯಾ, ಈ ಹೊತ್ತಿನಲ್ಲಿ ಕೂಗುತ್ತದೆಯಾ. ಕೋಗಿಲೆಯನ್ನೇ ತೆಗೆದುಕೊಳ್ಳಿ. ಭಾರತದಲ್ಲಿ ಡಿಸೆಂಬರ್‌ನಲ್ಲಿ ಆಡುವ ಪಂದ್ಯದಲ್ಲಿ ಗಂಡು ಕೋಗಿಲೆ 'ಕುಹೂ' ಅಂತ ಪಟ್ಟುಹಿಡಿದು ಕೂಗುತ್ತಿದ್ದರೆ ಹುಬ್ಬೇರಿಸಬೇಕು, ಚಳಿಗಾಲದಲ್ಲಿ ಅದು ಹೆಚ್ಚು ಕೂಗುವುದಿಲ್ಲ. ಅದೇ ಡಿಸೆಂಬರ್‌ನಲ್ಲಿ ಸಿಡ್ನಿಯ ಪಂದ್ಯದಲ್ಲಿ ಕೋಗಿಲೆ ಕೇಳಿಸಿದರೆ ಸರಿಯಾಗಿದೆ. ಅದು ಅಲ್ಲಿನ ಪೆಸಿಫಿಕ್ ಕೋಗಿಲೆ, ನಮ್ಮದರ ಹತ್ತಿರದ ನೆಂಟ, ದನಿಯೂ ಹೆಚ್ಚುಕಡಿಮೆ ಹಾಗೇ. ಸೆಪ್ಟೆಂಬರ್ ಹೊತ್ತಿಗೆ ಉತ್ತರದಿಂದ ಬಂದು ಅಲ್ಲಿ ಬೇಸಿಗೆ ಕಳೆಯುತ್ತದೆ. ರಾತ್ರಿ ಪಂದ್ಯದಲ್ಲಿ ಟಿಟ್ಟಿಭ ಕೂಗಿದರೆ ಅಚ್ಚರಿ ಬೇಡ. ಬಯಲಲ್ಲಿ ಮೊಟ್ಟೆ ಇಡುವ ಹಕ್ಕಿ ಅದು, ಕತ್ತಲಲ್ಲೂ ಸುಮ್ಮನಿರುವ ಜಾತಿಯಲ್ಲ. ಆಸ್ಟ್ರೇಲಿಯಾದ ಮೈದಾನಗಳಲ್ಲಿ ಅದರ ನೆಂಟ ಮಾಸ್ಕ್ಡ್ ಲ್ಯಾಪ್‌ವಿಂಗ್ ಹುಲ್ಲಿನ ಮೇಲೇ ಓಡಾಡುತ್ತಿರುತ್ತದೆ.

ಆದರೆ 'ಈ ಊರಲ್ಲಿ ಇರುವುದಿಲ್ಲ' ಅಂತ ತೀರ್ಪು ಕೊಡುವ ಮುಂಚೆ ಒಮ್ಮೆ ತಡೆಯಿರಿ. ಲಂಡನ್ನಿನ ಉದ್ಯಾನದಿಂದ ಬರುವ ವರದಿಯಲ್ಲಿ ಗಿಳಿ ಕಿರುಚಿದರೆ ನಮಗೆ ಅನುಮಾನ ಬರುತ್ತದೆ, ನಮ್ಮ ಹಸಿರು ಗಿಳಿ ಅಲ್ಲೇನು ಮಾಡುತ್ತಿದೆ ಅಂತ. ಅದು ನಿಜವಾದ ಗಿಳಿಯೇ. ಪಂಜರದಿಂದ ತಪ್ಪಿಸಿಕೊಂಡವು, ಬಿಟ್ಟವು ಬೆಳೆದು ಇವತ್ತು ಲಂಡನ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್‌ಗಳಲ್ಲಿ ಸಾವಿರಗಟ್ಟಲೆ ಇವೆ. ಮೆಲ್ಬರ್ನ್‌ನಲ್ಲಿ ಗೊರವಂಕ ಕೂಗುವುದೂ ಹಾಗೇ, 1860ರ ದಶಕದಲ್ಲಿ ಜನ ಒಯ್ದು ಬಿಟ್ಟದ್ದು. ಹಳೆಯ ಪುಸ್ತಕದ ನಕ್ಷೆ ನಂಬಿ ವಾಹಿನಿಯವರನ್ನು ಬಯ್ದರೆ ಮುಖಭಂಗ ನಮಗೇ.

ಅಣಕಿಸುವ ಹಕ್ಕಿಗಳು ಇನ್ನೊಂದು ತಲೆನೋವು. ಭೀಮರಾಜ ಹತ್ತಾರು ಹಕ್ಕಿಗಳ ದನಿ ತೆಗೆಯುತ್ತದೆ. ಯುರೋಪಿನ ಸ್ಟಾರ್ಲಿಂಗ್, ಅಮೆರಿಕದ ಮಾಕಿಂಗ್‌ಬರ್ಡ್, ಆಸ್ಟ್ರೇಲಿಯಾದ ಲೈರ್‌ಬರ್ಡ್ ಎಲ್ಲವೂ ಇದೇ ಕಸುಬಿನವು. ಎರಡು ಸೆಕೆಂಡ್ ಕೇಳಿ ಹೆಸರು ಹೇಳಬೇಡಿ. ಹದ್ದಿನ ಕೂಗಿನ ಬೆನ್ನಿಗೇ ಮತ್ಯಾವುದೋ ಹಕ್ಕಿಯ ಸಿಳ್ಳೆ, ಅದರ ಬೆನ್ನಿಗೆ ಇನ್ನೊಂದು ಬಂದರೆ ಕೊಂಬೆಯ ಮೇಲಿರುವುದು ಒಂದೇ ಹಕ್ಕಿ.

ಹಾಡು ಎಷ್ಟು ನಿಖರವಾಗಿ ಊರು ಹೇಳಬಲ್ಲದು ಅನ್ನುವುದಕ್ಕೆ ಆ ವೈಟ್-ಥ್ರೋಟೆಡ್ ಸ್ಪ್ಯಾರೋವನ್ನೇ ಮತ್ತೆ ನೋಡಿ. ಅದರ ಹಾಡಿನ ಕೊನೆಯಲ್ಲಿ ಮೂರು ಮೂರು ಸ್ವರಗಳ ಗುಂಪು ಬರುತ್ತಿತ್ತು. ಕೆನಡಾದ ಪಶ್ಚಿಮದಲ್ಲಿ ಕೆಲವು ಹಕ್ಕಿಗಳು ಅದನ್ನು ಎರಡೆರಡಕ್ಕೆ ಇಳಿಸಿದವು. ಹೊಸ ಹಾಡು ಒಂದರಿಂದ ಒಂದಕ್ಕೆ ಹಬ್ಬಿತು. 2000ದಿಂದ 2019ರ ನಡುವೆ ಅದು 3,000 ಕಿಲೋಮೀಟರಿಗೂ ಹೆಚ್ಚು ಪೂರ್ವಕ್ಕೆ ಸಾಗಿದ್ದನ್ನು 2020ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅಂದರೆ ಆ ಹಕ್ಕಿಯ ರೆಕಾರ್ಡಿಂಗ್ ಕೈಗೆ ಸಿಕ್ಕರೆ ಕೊನೆಯ ಸ್ವರಗಳನ್ನು ಎಣಿಸಿ ಯಾವ ಭಾಗದ್ದು, ಸುಮಾರು ಯಾವ ಕಾಲದ್ದು ಅಂತ ಒಂದು ಅಂದಾಜು ಹಾಕಬಹುದು.

ಇನ್ನು ಪ್ರಶ್ನೆಗಳು.

"ಸರ್, ಇಷ್ಟೆಲ್ಲ ಯಾಕೆ? ಮೊಬೈಲ್ ಆಪ್ ಟಿವಿ ಮುಂದೆ ಹಿಡಿದರೆ ಸಾಕಲ್ವಾ?" ಅಂತ ಒಬ್ಬರು ಕೇಳಿದರು.

ಹಿಡಿಯಿರಿ, ನಾನೂ ಹಿಡಿಯುತ್ತೇನೆ. ಕಾರ್ನೆಲ್ ಪಕ್ಷಿ ಸಂಸ್ಥೆಯ ಮರ್ಲಿನ್ ಆಪ್‌ಗೆ 2021ರಲ್ಲಿ ದನಿ ಗುರುತಿಸುವ ಸೌಲಭ್ಯ ಬಂತು. ಅದೇ ಸಂಸ್ಥೆ ಜರ್ಮನಿಯ ಕೆಮ್ನಿಟ್ಸ್ ತಾಂತ್ರಿಕ ವಿಶ್ವವಿದ್ಯಾಲಯದ ಜೊತೆ ಸೇರಿ ಮಾಡಿದ್ದು ಬರ್ಡ್‌ನೆಟ್. ಅದು ಸದ್ದನ್ನು 3 ಸೆಕೆಂಡಿನ ತುಂಡುಗಳಾಗಿ ಮಾಡಿ, ಒಂದೊಂದನ್ನೂ ಸ್ಪೆಕ್ಟ್ರೋಗ್ರಾಂ ಚಿತ್ರವಾಗಿಸಿ ನೋಡುತ್ತದೆ. ಆದರೆ ಇಂಥ ಆಪ್‌ಗಳು ನೀವು ಎಲ್ಲಿದ್ದೀರಿ, ಇದು ಯಾವ ತಿಂಗಳು ಅಂತ ನೋಡಿ ಅಲ್ಲಿ ಸಿಗುವ ಹಕ್ಕಿಗಳ ಪಟ್ಟಿಯೊಳಗೇ ಹುಡುಕುತ್ತವೆ. ಪಂದ್ಯ ಮೆಲ್ಬರ್ನ್‌ನದು, ಫೋನ್ ನಿಮ್ಮ ಮನೆಯದು. ಉತ್ತರ ತಪ್ಪಲೇಬೇಕು. ಹಾಗಾಗಿ ಜಾಗ, ದಿನಾಂಕ ಎರಡನ್ನೂ ಪ್ರಸಾರದ ಊರಿಗೆ ಬದಲಾಯಿಸಿಕೊಳ್ಳಬೇಕು.

ಬದಲಾಯಿಸಿದಿರಿ ಅನ್ನಿ, ಆಗ ಹೊಸ ತೊಡಕು. ಆಪ್ ಈಗ ಆ ಊರಿನ ಹಕ್ಕಿಗಳನ್ನು ಮಾತ್ರ ತೋರಿಸುತ್ತದೆ. ಭಂಡಾರದಿಂದ ತಂದು ಸೇರಿಸಿದ ಪರಊರಿನ ಹಕ್ಕಿ ಪಟ್ಟಿಯಲ್ಲೇ ಇಲ್ಲ. ಅಂದರೆ 2000ದ ಆ ಕ್ಯಾನ್ಯನ್ ರೆನ್‌ನಂಥದ್ದು ನಮ್ಮ ಕೈಗೆ ಸಿಗುವುದೇ ಇಲ್ಲ. ನಾನು ಮಾಡುವುದು ಹೀಗೆ: ಒಮ್ಮೆ ಜಾಗ ಕೊಟ್ಟು ಓಡಿಸುತ್ತೇನೆ, ಒಮ್ಮೆ ಜಾಗ ತೆಗೆದು ಓಡಿಸುತ್ತೇನೆ. ಎರಡು ಉತ್ತರ ಬೇರೆ ಬಂದ ಕಡೆ ಕೂತು ಕಿವಿಯಿಂದ ಕೇಳುತ್ತೇನೆ. 2005ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಶುರುವಾದ ಜೆನೋ-ಕ್ಯಾಂಟೋ ತಾಣದಲ್ಲಿ ಪ್ರಪಂಚದ ಹೆಚ್ಚುಕಡಿಮೆ ಎಲ್ಲ ಹಕ್ಕಿಗಳ ರೆಕಾರ್ಡಿಂಗ್ ಸಿಗುತ್ತವೆ, ಅದನ್ನು ಪಕ್ಕಕ್ಕಿಟ್ಟು ಹೋಲಿಸುತ್ತೇನೆ. ಸಾಧ್ಯವಾದರೆ ಟಿವಿ ಸ್ಪೀಕರಿನಿಂದ ಹಿಡಿಯಬೇಡಿ, ಕೋಣೆಯ ಪ್ರತಿಧ್ವನಿ ಸೇರಿಕೊಳ್ಳುತ್ತದೆ. ನೇರ ಆಡಿಯೋ ಫೈಲನ್ನೇ ಕೊಡಿ.

ಒಬ್ಬ ಹುಡುಗಿ ಕೇಳಿದಳು: "ಸೀರಿಯಲ್‌ನಲ್ಲಿ ತಪ್ಪು ಹಕ್ಕಿ ಹಾಕಿದರೆ ಯಾರಿಗೇನು ನಷ್ಟ?"

ಕಥೆಯಲ್ಲಾದರೆ ನನಗೇನೂ ತಕರಾರಿಲ್ಲಮ್ಮ. ಅಲ್ಲಿನ ಮಳೆ, ಕಣ್ಣೀರು ಎರಡೂ ನಿಜವಲ್ಲ, ಹಕ್ಕಿ ಮಾತ್ರ ನಿಜವಾಗಿರಬೇಕು ಅನ್ನಲು ನಾನ್ಯಾರು. ನೇರ ಪ್ರಸಾರ ಮತ್ತು ಸುದ್ದಿ ಬೇರೆ. ಅಲ್ಲಿ 'ಇದು ಈಗ, ಇಲ್ಲಿ ನಡೆಯುತ್ತಿದೆ' ಅನ್ನುವ ಒಪ್ಪಂದ ಇದೆ. ವನ್ಯಜೀವಿ ಸಾಕ್ಷ್ಯಚಿತ್ರ ನಡುವಿನದು. ದೂರದಿಂದ ದೊಡ್ಡ ಲೆನ್ಸ್ ಹಾಕಿ ತೆಗೆದ ಹಕ್ಕಿಯ ದನಿ ಅಷ್ಟು ದೂರದ ಮೈಕಿಗೆ ಸಿಗುವುದಿಲ್ಲ, ಸೇರಿಸಲೇಬೇಕು. ಸೇರಿಸಲಿ, ಅದೇ ಹಕ್ಕಿಯದನ್ನು ಸೇರಿಸಲಿ. ಹದ್ದಿನ ಬಾಯಲ್ಲಿ ಗಿಡುಗದ ಕೂಗು ಬೇಡ. ಮಕ್ಕಳು ಆ ದನಿಯನ್ನೇ ಕಲಿತುಬಿಡುತ್ತಾರೆ. ಆಮೇಲೆ ನಿಜವಾದ ಹದ್ದು ತಲೆಯ ಮೇಲೆ ಕೂಗಿದರೂ ಅವರಿಗೆ ಗುರುತು ಹತ್ತುವುದಿಲ್ಲ.

ಕೊನೆಯ ಪ್ರಶ್ನೆ, ಯಾವ ಕಾರ್ಯಕ್ರಮದಿಂದ ಶುರು ಮಾಡಬೇಕು ಅಂತ.

ಆಟಗಳಿಂದ ಮಾಡಿ, ಅದರಲ್ಲೂ ನಡುನಡುವೆ ಎಲ್ಲರೂ ಸುಮ್ಮನಾಗುವ ಆಟಗಳಿಂದ. ಟೆಸ್ಟ್ ಕ್ರಿಕೆಟ್ ಚೆನ್ನಾಗಿದೆ. ಬೌಲರ್ ಓಡಿ ಬರುವಾಗ ಕಾಮೆಂಟರಿ ನಿಲ್ಲುತ್ತದೆ, ಜನ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು. ಟೆನಿಸ್ ಅದಕ್ಕಿಂತ ಚೆನ್ನ, ಪ್ರತಿ ಸರ್ವ್‌ಗೂ ಮುಂಚೆ ಅಂಪೈರ್ ತಾವೇ ಸದ್ದು ಅಡಗಿಸಿ ಕೊಡುತ್ತಾರೆ. ಮೇ ಕೊನೆ, ಜೂನ್ ಮೊದಲಿಗೆ ಪ್ಯಾರಿಸ್‌ನ ಫ್ರೆಂಚ್ ಓಪನ್ ನೋಡುವಾಗ ಮೇಲಿನಿಂದ ಸುಯ್ಯನೆ ಬಂದು ಹೋಗುವ 'ಸ್ರೀ ಸ್ರೀ' ಕಿರುಚಾಟಕ್ಕೆ ಕಿವಿ ಕೊಡಿ, ಅದು ಸ್ವಿಫ್ಟ್ ಹಕ್ಕಿಗಳ ಗುಂಪು. ಆಗಸ್ಟ್ ಹೊತ್ತಿಗೆ ಅವು ಆಫ್ರಿಕಾದ ದಾರಿ ಹಿಡಿದಿರುತ್ತವೆ. ಅಲ್ಲಿಂದ ವಿಂಬಲ್ಡನ್‌ಗೆ ಬನ್ನಿ. ಅಲ್ಲಿ ಪಾರಿವಾಳಗಳನ್ನು ಓಡಿಸಲು ರೂಫಸ್ ಎಂಬ ಹೆಸರಿನ ಒಂದು ಗಿಡುಗವನ್ನು, ಹ್ಯಾರಿಸ್ ಹಾಕ್ ಅನ್ನು, ಹಾರಿಸುತ್ತಾರೆ. ಆದ್ದರಿಂದ ಅಂಗಳದಲ್ಲಿ ಪಾರಿವಾಳದ ಗುಟುರು ಕೇಳಿಸಲಿಲ್ಲ ಅಂತ ಪಾಪ ಮೈಕನ್ನು ಬಯ್ಯಬೇಡಿ.